ಬಿರಾದಾರರ ಮಾಳಿಗೆಯ ತಂಪೆಲೆ

ಬಾಡಿಗೆ ಮನೆಯಲ್ಲಿ ಏನಾದರೂ ಕೆಟ್ಟಿತೆಂದರೆ ಲೋಕದಲ್ಲಿ ಇಬ್ಬರೇ ಉಳಿಯುತ್ತಾರೆ. ನಾನು ಕೊಟ್ಟಾಗ ಚೆನ್ನಾಗಿಯೇ ಇತ್ತು ಎನ್ನುವವರು ಒಬ್ಬರು, ನಾನು ಮುಟ್ಟೇ ಇಲ್ಲ ಎನ್ನುವವರು ಇನ್ನೊಬ್ಬರು. ಇವರ ನಡುವೆ ಕುಳಿತು ಕಿವಿ ಕೆಡಿಸಿಕೊಳ್ಳುವುದು ನನ್ನ ಕೆಲಸ. ವಿಜಯಪುರದ ಬಾಡಿಗೆ ತಕರಾರು ಕಚೇರಿಯಲ್ಲಿ ಕೂತು ಕೂತು ನನ್ನ ತಲೆ ಬೆಳ್ಳಗಾಗಿದೆ. ಊರಿನವರು ನನ್ನ ಹೆಸರನ್ನೇ ಮರೆತು ‘ತಕರಾರು ಸಾಹೇಬ’ ಎಂದು ಕರೆಯುತ್ತಾರೆ. ನಮ್ಮ ಕಾನೂನು ಬಹಳ ಸರಳ. ಸವೆದು ಕೆಟ್ಟಿದ್ದರೆ ಮಾಲೀಕರು ರಿಪೇರಿ ಮಾಡಿಸಬೇಕು, ಬಳಸಲು ಬಾರದೆ ಕೆಡಿಸಿದ್ದರೆ ಬಾಡಿಗೆದಾರರು ಮಾಡಿಸಬೇಕು. ಮೂರನೆಯ ಕಾರಣವೊಂದು ಇರಬಹುದೆಂದು ಕಾನೂನು ಬರೆದವರಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ತಕರಾರುಗಳಲ್ಲಿ ನನಗೆ ತೀರಾ ಬೇಸರ ತರಿಸುವುದು ತಂಪೆಲೆಯದು. ಬೇಸಿಗೆಯ ಹಗಲಿನ ಕರೆಂಟನ್ನೆಲ್ಲ ಆಸ್ಪತ್ರೆಗೂ ಬೋರ್‌ವೆಲ್ಲಿಗೂ ಮೀಸಲಿಟ್ಟ ಮೇಲೆ ಹಳೆಯ ಫ್ರಿಜ್ಜುಗಳು ಗುಜರಿಗೆ ಹೋದವು. ಅವುಗಳ ಜಾಗಕ್ಕೆ ಬಂದದ್ದೇ ತಂಪೆಲೆ. ಮಾಳಿಗೆಯ ಮೇಲೆ ಊಟದ ಎಲೆಯಷ್ಟು ಅಗಲದ ಒಂದು ಹೊಳೆಯುವ ತಗಡು, ಅಲ್ಲಿಂದ ಅಡುಗೆಮನೆಗೆ ಇಳಿದ ಒಂದು ಕೊಳವೆ, ಕೊಳವೆಯ ತುದಿಗೆ ಒಂದು ಪೆಟ್ಟಿಗೆ. ಕರೆಂಟು ಬೇಡ, ಸದ್ದಿಲ್ಲ. ಪೆಟ್ಟಿಗೆಯ ಬಿಸಿಯನ್ನು ಎಲೆ ಹೀರಿ ನೆಟ್ಟಗೆ ಮೇಲಕ್ಕೆ, ಆಕಾಶದಾಚೆಗೆ ಕಳಿಸಿಬಿಡುತ್ತದೆ. ಅಂಥ ಎಲೆ ಕೆಡುವುದೇ ಅಪರೂಪ. ಹಾಗಾಗಿ ಕೆಟ್ಟರೆ ಜಗಳವೂ ಜೋರು. ಒಮ್ಮೆ ನಮ್ಮ ಕಚೇರಿ ಯಾರನ್ನಾದರೂ ‘ಎಲೆ ಕೆಡಿಸಿದವರು’ ಎಂದು ತೀರ್ಪು ಕೊಟ್ಟರೆ, ಆಮೇಲೆ ಎಲೆಯಿರುವ ಮನೆಯನ್ನು ಅವರಿಗೆ ಈ ಊರಿನಲ್ಲಿ ಯಾರೂ ಬಾಡಿಗೆಗೆ ಕೊಡುವುದಿಲ್ಲ.

ಚಂದ್ರಭಾಗಾ ಬಿರಾದಾರ ಎಂಬ ಹೆಂಗಸು ದೂರು ಕೊಟ್ಟದ್ದು ಬಿಸಿಲು ನೆತ್ತಿ ಸುಡುತ್ತಿದ್ದ ಬೇಸಿಗೆಯಲ್ಲಿ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಆಕೆಯದು ಎರಡು ಭಾಗದ ಮನೆ. ಒಂದರಲ್ಲಿ ತಾನು, ಇನ್ನೊಂದರಲ್ಲಿ ಬಾಡಿಗೆಗೆ ಶಮಾ ನದಾಫ. ಗಂಡ ತೀರಿಕೊಂಡ ಮೇಲೆ ಒಂಟಿಯಾದ ಚಂದ್ರಭಾಗಾ ಅರವತ್ತು ದಾಟಿದವಳು, ಮಾತು ಚೂರಿ. ಶಮಾಗೆ ಮೂವತ್ತರ ಆಸುಪಾಸು. ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ, ಗಂಡ ಲಾರಿ ಹೊಡೆಯಲು ಹೋದವನು ವಾರಗಟ್ಟಲೆ ಬರುವುದಿಲ್ಲ.

ನಾನು ಹೋಗಿ ನಿಂತೊಡನೆ ಚಂದ್ರಭಾಗಾ ಶುರು ಮಾಡಿದಳು. “ಮಿಸ್ತ್ರಿ ಎಷ್ಟ ಸಲ ಬಂದ ನೋಡ್ಯಾನ ಕೇಳ್ರಿ ಸಾಹೇಬ್ರ. ಅಂವಾ ಬಂದಾಗೆಲ್ಲ ಪೆಟ್ಟಿಗಿ ಬರ್ಫ ಇದ್ದಾಂಗ ತಣ್ಣಗ ಇರ್ತದ. ಈಕಿ ಒಲಿ ಮ್ಯಾಲಿನ ಬಿಸಿ ಪಾತೇಲಿ ಹಾಂಗs ಒಳಗ ಇಡ್ತಾಳ. ಕೆಡದ ಏನ ಮಾಡ್ತದ? ಈಕಿ ಕಡಿಂದ ಮನಿ ಬಿಡಿಸಿ ಕೊಡ್ರಿ, ಅಷ್ಟs.”

“ಬಿಸೀದು ನಾ ಎಂದೂ ಇಟ್ಟಿಲ್ರಿ,” ಎಂದಳು ಶಮಾ. ಆಕೆಯ ದನಿ ಸಣ್ಣದು, ಆದರೆ ನಡುಗಲಿಲ್ಲ. “ನನಗ ಸಕ್ಕರಿ ಬ್ಯಾನಿ ಅದರಿ ಸಾಹೇಬ್ರ, ಹುಡುಗಿ ಇದ್ದಾಗಿಂದ. ಸೂಜಿ ಔಷಧ ತಂಪಿನಾಗs ಇರಬೇಕು. ಪೆಟ್ಟಿಗಿ ದಿನಾ ಒಂದ ತಾಸು ತಂಪ ಬಿಡ್ತದ, ಆಮ್ಯಾಲ ತಾನs ಸರಿ ಆಗ್ತದ. ಮಿಸ್ತ್ರಿ ಮಧ್ಯಾನ್ನ ಬರ್ತಾರ, ಅದು ಸಂಜಿ ಕೆಡ್ತದ. ಎರಡ ಸೀಸೆ ಕೆಟ್ಟಾವ. ನನ್ನ ಎಲಿ ಕೆಡಿಸಿದಾಕಿ ಅಂತ ಬರದ್ರ ನಾ ಎಲ್ಲಿ ಹೋಗ್ಲಿ? ಎಲಿ ಇಲ್ಲದ ಮನ್ಯಾಗ ನಾ ಒಂದ ಬ್ಯಾಸಗಿ ಉಳಿಯಾಂಗಿಲ್ಲ.”

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಅದು ನನ್ನ ಕಸುಬಿನ ಚಾಳಿ. ಹೊರಡುವಾಗ ಶಮಾ ಬಾಗಿಲ ತನಕ ಬಂದಳು. ಅಲ್ಲೇ ಗೂಡಿನಲ್ಲಿದ್ದ ಒಂದು ಸ್ಟೀಲಿನ ಡಬ್ಬಿಯನ್ನು ತೋರಿಸಿದಳು. “ರಂಜಾನ ಹಬ್ಬಕ್ಕ ಅಕ್ಕಾರಿಗೆ ಶ್ಯಾವಿಗಿ ಸುರಕುಂಬಾ ಕೊಟ್ಟಿದ್ದೆ. ವರ್ಷಾ ಕೊಡ್ತೀನಿ. ಅವರು ಡಬ್ಬ್ಯಾಗ ಒಮ್ಮೆ ಶೇಂಗಾ ಹೋಳಿಗಿ, ಒಮ್ಮೆ ಕಡ್ಲಿ ಉಂಡಿ, ಏನರೆ ಹಾಕಿ ತಿರುಗಿ ಕೊಡ್ತಿದ್ರು. ಈ ಸಲ ತೊಳದು ಖಾಲಿ ಕಳಿಸ್ಯಾರ ನೋಡ್ರಿ.”

ನಮ್ಮ ಕಡೆ ನೆರೆಮನೆಯ ಪಾತ್ರೆಯನ್ನು ಖಾಲಿ ಮರಳಿಸುವವರಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಖಾಲಿ ಕೊಟ್ಟರೆ ನಿನಗೂ ನನಗೂ ಇನ್ನು ಮುಗಿಯಿತು ಎಂದೇ ಅರ್ಥ. ಚಂದ್ರಭಾಗಾ ಮಾಡಿದ್ದು ನನಗೆ ಕೆಟ್ಟದ್ದೆನಿಸಿತು. ಆದರೆ ಖಾಲಿ ಡಬ್ಬಿಯ ಮೇಲೆ ತೀರ್ಪು ಕೊಡಲು ನನಗೆ ಅಧಿಕಾರವಿರಲಿಲ್ಲ.

ಎಲೆಯನ್ನು ಬಿಚ್ಚಿಸಿ ಸಿಂದಗಿ ರಸ್ತೆಯ ದಿಬ್ಬದ ಮೇಲಿರುವ ಪರೀಕ್ಷಾಲಯಕ್ಕೆ ಒಯ್ದೆ. ಅಲ್ಲಿ ತಂಪೆಲೆಗಳ ಜವಾಬ್ದಾರಿ ಡಾಕ್ಟರ್ ಪ್ರಮಿಳಾ ಕುಲಗೋಡ ಎಂಬವರದು. ನಗುವುದಕ್ಕೂ ಅಳೆದು ತೂಗುವ ಹೆಣ್ಣುಮಗಳು. ಎಲೆಯನ್ನು ಕಪ್ಪು ಕೋಣೆಯಲ್ಲಿಟ್ಟು ಹಿಂದುಮುಂದು ಪರೀಕ್ಷಿಸಿ, “ಏನೂ ಆಗಿಲ್ರಿ ಇದಕ್ಕ,” ಎಂದರು. “ಇನ್ನೂ ಎರಡ ತಲಿಮಾರು ಬರ್ತದ.”

“ಮತ್ತ ತಂಪು ಯಾಕ ಬಿಡ್ತದರಿ?”

“ಬಿಡಾಕ ಕಾರಣs ಇಲ್ಲ. ನೋಡ್ರಿ, ಭೂಮಿ ಗಾಳೀದೊಂದು ಕಂಬಳಿ ಹೊದ್ದದ. ಆ ಕಂಬಳ್ಯಾಗ ಒಂದ ಕಿಂಡಿ ಅದ. ಒಂದs ಬಗಿ ಬಿಸಿ ಮಾತ್ರ ಆ ಕಿಂಡ್ಯಾಗ ಹಾದು ಹೊರಗ ಹೋಗ್ತದ. ಎಲಿ ಮಾಡೂದು ಇಷ್ಟs, ಪೆಟ್ಟಿಗಿ ಬಿಸೀನ್ನ ಆ ಬಗಿಗೆ ತಿರುವಿ ನೆತ್ತಿ ಮ್ಯಾಲ ನೆಟ್ಟಗ ಬಿಡೂದು. ಹೊರಗ ಎಷ್ಟ ತಣ್ಣಗ ಅದ ಅಂದ್ರ, ಇಡೀ ಊರಿನ ಬಿಸಿ ಸುರುವಿದ್ರೂ ಅದಕ್ಕ ಗೊತ್ತಾಗಂಗಿಲ್ಲ. ಎಲಿ ತಂಪ ಬಿಡಬೇಕಂದ್ರ ಆಕಾಶs ಬಿಸಿ ಆಗಬೇಕು.” ಹಾಗೆಂದು ಅವರು ಅಳೆದು ತೂಗಿ ನಕ್ಕರು. ನಾನೂ ನಕ್ಕೆ.

ಅನುಮಾನ ಬೇಡವೆಂದು ಅದೇ ಮಾಳಿಗೆಗೆ ಹೊಚ್ಚ ಹೊಸ ಎಲೆಯನ್ನೇ ಹಾಕಿಸಿದೆವು. ಅದೂ ಸಂಜೆಗೆ ತಂಪು ಬಿಟ್ಟಿತೆಂದು ಶಮಾ ಹೇಳಿ ಕಳಿಸಿದಳು. ಸುಳ್ಳೆಂದು ಚಂದ್ರಭಾಗಾ ಹೇಳಿ ಕಳಿಸಿದಳು. ಹಳೆಯ ಎಲೆಯನ್ನೇ ತಿರುಗಿ ಅದರ ಜಾಗದಲ್ಲಿ ಕೂಡಿಸಿದೆವು. ಇಂಥದ್ದಕ್ಕೆ ನಮ್ಮ ಕಚೇರಿಯಲ್ಲಿ ಒಂದು ಹಳೆಯ ಉಪಾಯವಿದೆ. ಅದನ್ನು ಜೋಡಿ ಕಾವಲು ಎನ್ನುತ್ತೇವೆ. ಜಗಳವಾಡುವ ಇಬ್ಬರೂ ಕೆಟ್ಟ ವಸ್ತುವಿನ ಮುಂದೆ ಒಟ್ಟಿಗೆ ಕೂರಬೇಕು. ಇಬ್ಬರ ಕಣ್ಣಿಗೂ ಒಟ್ಟಿಗೆ ಬಿದ್ದದ್ದನ್ನು ಮಾತ್ರ ನಾವು ನಂಬುತ್ತೇವೆ. ಸಾಮಾನ್ಯವಾಗಿ ಎರಡನೆಯ ದಿನಕ್ಕೇ ಒಬ್ಬರಿಗೆ ಸಾಕಾಗಿ ರಾಜಿಗೆ ಬರುತ್ತಾರೆ.

ಇವರು ಬರಲಿಲ್ಲ. ದಿನವೂ ಇಳಿಹೊತ್ತಿಗೆ ಚಂದ್ರಭಾಗಾ ತನ್ನ ಮಣೆ ತಂದು ಶಮಾಳ ಅಡುಗೆಮನೆಯಲ್ಲಿ ಹಾಕಿಕೊಂಡು ಕೂರತೊಡಗಿದಳು. ಮೊದಲ ಸಂಜೆ ಶಮಾ ಹೊಲಿಗೆ ಹಾಕಿದಳು, ಈಕೆ ಗೋಡೆ ನೋಡಿದಳು. ಹೊತ್ತು ಮುಳುಗಿ ಒಂದಷ್ಟು ಹೊತ್ತಾದ ಮೇಲೆ ಪೆಟ್ಟಿಗೆ ಬೆವರಿತು. ಬಾಗಿಲಿನ ಮೇಲಿನ ತಾಪದ ಮುಳ್ಳು ಮೆಲ್ಲಗೆ ಏರಿತು, ಇಳಿಯಿತು. ಮತ್ತೆ ಏರಿತು, ಇಳಿಯಿತು. ಚಂದ್ರಭಾಗಾ ಎದ್ದು ಬಾಗಿಲಿನ ರಬ್ಬರನ್ನೆಲ್ಲ ಬೆರಳಾಡಿಸಿ ನೋಡಿ ತನ್ನ ಮನೆಗೆ ಹೋದಳು.

ಕೆಲವು ದಿನ ಕಳೆದು ನಾನು ವಿಚಾರಿಸಲು ಹೋದಾಗ ಆ ಅಡುಗೆಮನೆಯ ಗಾಳಿಯೇ ಬೇರೆಯಾಗಿತ್ತು. ಚಂದ್ರಭಾಗಾ ಶಮಾಳ ಹರಿವಾಣದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಔಷಧಿಯ ಸೀಸೆ ನೀರು ಹನಿಸಿದ ಮರಳಿನ ಗಡಿಗೆಯೊಳಗಿತ್ತು. ಆ ಗಡಿಗೆ ಮನೆಯೊಡತಿಯದು.

“ಸುಳ್ಳಲ್ರಿ ಸಾಹೇಬ್ರ,” ಎಂದಳು ಆಕೆ, ನನ್ನ ಮುಖ ನೋಡದೆ. “ನಾ ಕಂಡೀನಿ. ದಿನಾ ಬೆವರ್ತದ. ಮೂರ ಸಲ ಜೋರಾಗಿ, ಆಮ್ಯಾಲ ಸಣ್ಣಗ ಒಂದ ಸಲ. ಆಮ್ಯಾಲ ಸುಮ್ಮಕಾಗ್ತದ. ಒಂದಿನಾನೂ ತಪ್ಪಿಲ್ಲ.”

“ದಿನಾ ಒಂಚೂರು ಲಗೂನೂ ಆಗ್ತದರಿ,” ಎಂದು ಶಮಾ ಸೇರಿಸಿದಳು. “ಮೊದಲ ಮಲಗೂ ಹೊತ್ತಿಗೆ ಆಗ್ತಿತ್ತು. ಈಗ ಹೊತ್ತ ಮುಳಗಿ ಮಗ್ರಿಬ್ ಆಜಾನ್ ಆದ ಮುಕ್ಕಾಲ ತಾಸಿಗೆ ಶುರು ಆಗ್ತದ.”

ಇದನ್ನು ಪ್ರಮಿಳಾಗೆ ಫೋನಿನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು. “ದಿನಾ ಸ್ವಲ್ಪ ಸ್ವಲ್ಪ ಮುಂಚೆ? ಖಾತ್ರಿ?”

ಮಾರನೆಯ ದಿನವೇ ಅವರು ಬಂದು ಆ ಮಾಳಿಗೆಯ ಮೇಲೆ ಏನೇನೋ ಯಂತ್ರ ಹೂಡಿದರು. ಅಕ್ಕಪಕ್ಕದ ಮಾಳಿಗೆಗಳ ಮೇಲೂ ಹೂಡಿದರು. ಸೂರ್ಯನಿಗೆ ಕಟ್ಟುಬಿದ್ದದ್ದು ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ, ನಕ್ಷತ್ರಕ್ಕೆ ಕಟ್ಟುಬಿದ್ದದ್ದು ಮಾತ್ರ ದಿನದಿನಕ್ಕೆ ಮುಂಚೆ ಬರುತ್ತದೆ ಎಂದು ನನಗೆ ಮೆಟ್ಟಿಲ ಮೇಲೆ ನಿಂತು ವಿವರಿಸಿದರು. ನನಗೆ ಆಗಲೂ ಪೂರ್ತಿ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ, ಈ ತಕರಾರಿನಲ್ಲಿ ಇನ್ನೊಬ್ಬರು ಸೇರಿದ್ದಾರೆ.

ಒಂದು ವಾರದ ಮೇಲೆ ಪ್ರಮಿಳಾ ನಮ್ಮ ಮೂವರನ್ನೂ ಪರೀಕ್ಷಾಲಯಕ್ಕೆ ಕರೆಸಿದರು. ಕೋಣೆಯ ಗೋಡೆಯ ತುಂಬ ಒಂದು ಪರದೆ. ಅದರ ಮೇಲೆ ಒಂದು ಗೆರೆ ಓಡುತ್ತಿತ್ತು. ಗೆರೆ ಮೂರು ಸಲ ಗುಡ್ಡವಾಗಿ ಏರಿ ಇಳಿದು, ಆಮೇಲೆ ಒಂದು ಸಣ್ಣ ದಿಣ್ಣೆಯಾಗಿ ಮುಗಿಯುತ್ತಿತ್ತು. ಶಮಾಳ ಅಡುಗೆಮನೆಯ ಮುಳ್ಳು ಕುಣಿದದ್ದೂ ಹೀಗೆಯೇ.

“ಸಂಜೀಕ ನಿಮ್ಮ ನೆತ್ತಿ ಮ್ಯಾಲ ಒಂದ ಸಣ್ಣ ಕೆಂಪು ನಕ್ಷತ್ರ ಬರ್ತದ,” ಎಂದರು ಪ್ರಮಿಳಾ. “ಬರಿಗಣ್ಣಿಗೆ ಕಾಣಂಗಿಲ್ಲ. ಅದಕ್ಕ ಒಂದ ಹೆಸರೂ ಇಲ್ಲ, ಬರೇ ನಂಬರ್ ಅದ. ಅಲ್ಲಿಂದ ಬೆಳಕು ಇಲ್ಲಿಗೆ ಬರಾಕ ಹದಿನಾರು ವರ್ಷ ಬೇಕು. ಬಿಸೀನೂ ಬೆಳಕಿನ ಜಾತೀದೇ, ಅದಕ್ಕೂ ಹದಿನಾರು ವರ್ಷ. ಈ ಬಿಸಿ ಅಲ್ಲಿಂದ ಬರಾಕತ್ತದ.”

ಅವರು ಪರದೆಯ ಮೇಲಿನ ಗೆರೆಯತ್ತ ಬೆರಳು ತೋರಿಸಿದರು.

“ಎಲ್ಲಾ ಕಡೆ ಬಿದ್ದಿದ್ರ ಅದೊಂದ ಮಾತು. ನಾ ಸುತ್ತಮುತ್ತಲಿನ ಮಾಳಿಗಿ ಎಲ್ಲಾ ನೋಡಿದೆ. ಅಲ್ಲಿ ಏನೂ ಇಲ್ಲ. ಅಷ್ಟ ದೂರದಿಂದ ಭೂಮಿಗೆ ಗುರಿ ಇಡೂದೇ ನಮ್ಮ ವಿಜ್ಞಾನಕ್ಕ ಆಗದ ಮಾತು. ಅವರು ಇಟ್ಟದ್ದು ಒಂದ ಮಾಳಿಗೀಗೆ. ನಿಮ್ಮ ಮಾಳಿಗೀಗೆ.” ಅವರು ಚಂದ್ರಭಾಗಾಳ ಕಡೆ ತಿರುಗಿದರು. “ಅಕ್ಕಾರ, ನಿಮ್ಮ ಮನಿ ಎಲಿ ಯಾವಾಗಿಂದು?”

ಚಂದ್ರಭಾಗಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು. “ಅದು ಮೊದಲನೇದ್ದರಿ,” ಎಂದಳು. “ಊರಿಗೇ ಮೊದಲನೇದು. ನಮ್ಮವರು ಲೈನ್‌ಮನ್ ಇದ್ರು, ಯಾವದೂ ಹೊಸಾದು ಬಂದ್ರ ಅವರಿಗೆ ಹುಚ್ಚು. ಎಲಿ ಕಂಡುಹಿಡದವರು ಪರೀಕ್ಷಾ ಮಾಡಾಕ ಒಂದ ಮಾಳಿಗಿ ಹುಡಕಾಕತ್ತಿದ್ರು. ಯಾರೂ ಕೊಡಲಿಲ್ಲ, ಇವರು ಈಗ ಶಮಾ ಇರೂ ಭಾಗದ ಮಾಳಿಗಿ ಕೊಟ್ರು. ಆವಾಗ ಎಲ್ಲೂ ಇದ್ದಿದ್ದಿಲ್ಲ ಇಂಥಾದ್ದು.”

“ಮೂವತ್ತ ವರ್ಷದ ಮ್ಯಾಲ ಆತಲ್ಲ?”

“ಆತು. ಮೂವತ್ತೆರಡು, ಮೂವತ್ಮೂರು.”

ಪ್ರಮಿಳಾ ಬೆರಳು ಮಡಚಿ ಎಣಿಸಿದರು. ಹೋಗಲು ಹದಿನಾರು, ಬರಲು ಹದಿನಾರು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಅಂಥ ಬೆರಗು ನನ್ನ ಇಡೀ ಆಯುಷ್ಯದಲ್ಲಿ ನನಗೆ ಆಗಿರಲಿಲ್ಲ.

“ಮೊದಲನೇ ದಿನ ಏನ ಇಟ್ಟಿದ್ರಿ ಅದರಾಗ?” ಎಂದು ಪ್ರಮಿಳಾ ಕೇಳಿದರು. “ನೆನಪು ಮಾಡಿಕೊಳ್ರಿ. ಬಿಸೀದು ಏನರೆ ಇಟ್ಟಿದ್ರೇನು?”

ಚಂದ್ರಭಾಗಾಳ ಮುಖ ಕೆಂಪಾಯಿತು. ಬಿಸಿ ಪಾತೇಲಿ ಇಡುತ್ತಾಳೆ ಎಂದು ಊರ ತುಂಬ ಶಮಾಳ ಮೇಲೆ ಹೇಳಿಕೊಂಡು ಬಂದವಳು ಆಕೆ. “ಹುಗ್ಗಿ,” ಎಂದಳು ಮೆಲ್ಲಗೆ. “ಗೋಧಿ ಹುಗ್ಗಿ. ಬಸವ ಜಯಂತಿ ಸಂಜಿ ಅದು. ಓಣಿ ಮಂದಿ ಎಲ್ಲಾ ನೋಡಾಕ ಕೂಡಿದ್ರು. ಕರೆಂಟ ಇಲ್ಲದ ತಣ್ಣಗ ಹ್ಯಾಂಗ ಆಗ್ತದಂತ ಒಬ್ಬರೂ ನಂಬಲಿಲ್ಲ. ನಮ್ಮವರು ಕುದಿಯೂ ಹುಗ್ಗಿ ಇಡಿಸಿದ್ರು, ತಣ್ಣಗ ಆತು. ಹಿಂದ ನಿಂತವರಿಗೆ ಕಾಣಲಿಲ್ಲಂತ, ಮತ್ತ ಕಾಯಿಸಿ ಇಡಿಸಿದ್ರು. ಆಮ್ಯಾಲ ಗೌಡ್ರು ತಡಾ ಮಾಡಿ ಬಂದ್ರಂತ ಮತ್ತೊಮ್ಮೆ. ಮೂರ ಸಲ.” ಆಕೆ ಪರದೆಯ ಕಡೆ ನೋಡಿದಳು. ಮೂರು ಗುಡ್ಡಗಳು ಏರಿ ಇಳಿದವು. “ಅದು ನನ್ನ ಹುಗ್ಗಿ ಏನ್ರಿ?”

“ನಿಮ್ಮ ಹುಗ್ಗಿ ಬಿಸೀನೇ,” ಎಂದರು ಪ್ರಮಿಳಾ. ಅವರ ಕಣ್ಣು ತುಂಬಿತ್ತು. “ಹದಿನಾರು ವರ್ಷ ಹೋಗಿ ಅಲ್ಲಿ ಮುಟ್ಟೇದ. ಯಾರೋ ಅದನ್ನ ತಗೊಂಡಾರ. ಒಂದಷ್ಟ ದಿನ ಇಟ್ಕೊಂಡಾರ. ಆಮ್ಯಾಲ ನಿಮ್ಮ ಮಾಳಿಗಿ ಅವರ ಕಡೆ ಮಾರಿ ಮಾಡೂ ಹೊತ್ತು ಲೆಕ್ಕ ಹಾಕಿ, ದಿನಾ ಕಳಸಾಕತ್ತಾರ.”

“ಗುಮ್ಮಟದಾಗ ಕೂಗಿದ್ರ ತಿರುಗಿ ಬರ್ತದಲ್ರಿ, ಹಾಂಗ?” ಎಂದು ಶಮಾ ಕೇಳಿದಳು.

“ನಾನೂ ಮೊದಲ ಹಾಂಗs ತಿಳಕೊಂಡಿದ್ದೆ. ಆದ್ರ ಈ ನಾಕನೇದು ನೋಡ್ರಿ, ಸಣ್ಣದು. ಇದು ನಮ್ಮದಲ್ಲ. ಅಕ್ಕಾರು ಇಟ್ಟದ್ದು ಮೂರs ಸಲ. ಗುಮ್ಮಟದಾಗ ನಾವು ಕೂಗಿದ್ದು ತಿರುಗಿ ಬರ್ತದ, ಬ್ಯಾರೆ ದನಿ ಬಂದು ಕೂಡಂಗಿಲ್ಲ. ಇದು ಎಲ್ಲಿಂದ ಬಂತು, ಯಾಕ ಬಂತು, ನನಗ ತಿಳೀವಲ್ದು.”

ಪರದೆಯ ಮೇಲೆ ಆ ಸಣ್ಣ ದಿಣ್ಣೆ ಇನ್ನೊಮ್ಮೆ ಏರಿ ಇಳಿಯಿತು. ನಾನು ಶಮಾಳನ್ನು ನೋಡಿದೆ. ಶಮಾ ಚಂದ್ರಭಾಗಾಳನ್ನು ನೋಡುತ್ತಿದ್ದಳು. ಚಂದ್ರಭಾಗಾ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತಿದ್ದಳು, ಅವಳ ಭುಜ ಅಲುಗುತ್ತಿತ್ತು. ಆಮೇಲೆ ಕಣ್ಣೊರೆಸಿಕೊಂಡು ಎದ್ದಳು.

“ಅವರು ಖಾಲಿ ಕಳಿಸಿಲ್ಲ,” ಎಂದಳು. “ಯಾರೋ ಏನೋ, ನಮ್ಮ ಮಾರಿ ಕಂಡಿಲ್ಲ, ಹೆಸರ ಕೇಳಿಲ್ಲ. ಅವರು ಖಾಲಿ ಕಳಿಸಿಲ್ಲ ನೋಡು ಶಮಾ. ಏಳು, ಮನೀಗೆ ಹೋಗೂಣು.”

ಮರುದಿನ ಇಳಿಹೊತ್ತಿಗೆ ನಾನು ತೀರ್ಪಿನ ಕಾಗದ ಹಿಡಿದು ಹೋದೆ. ಪ್ರಮಿಳಾ ನನಗಿಂತ ಮೊದಲೇ ಬಂದು ಮುಳ್ಳಿನ ಮುಂದೆ ಕುಳಿತಿದ್ದರು. ಚಂದ್ರಭಾಗಾಳ ಒಲೆಯ ಮೇಲೆ ಹುಗ್ಗಿ ಕುದಿಯುತ್ತಿತ್ತು, ಏಲಕ್ಕಿ ಬೆಲ್ಲದ ವಾಸನೆ ಓಣಿಗೆಲ್ಲ ಹರಡಿತ್ತು. ಆಕೆ ಗೂಡಿನಲ್ಲಿದ್ದ ಆ ಸ್ಟೀಲಿನ ಡಬ್ಬಿಯನ್ನು ತಾನೇ ಕೇಳಿ ತೆಗೆದುಕೊಂಡು, ಕಂಠದ ತನಕ ಹುಗ್ಗಿ ತುಂಬಿ, ಮೇಲೆ ತುಪ್ಪ ಹಾಕಿ ಶಮಾಳ ಕೈಗೆ ಕೊಟ್ಟಳು. “ನಿನಗ ಸಕ್ಕರಿ ಬ್ಯಾನಿ, ಗೊತ್ತದ. ಒಂದ ಚಮಚಾ ತಿನ್ನು, ಉಳದದ್ದು ನಿನ್ನ ಗಂಡಗ ಇಡು. ತಪ್ಪಾತು ನಂದು.” ಶಮಾ ಡಬ್ಬಿಯನ್ನು ಎದೆಗೊತ್ತಿ ಹಿಡಿದು ನಿಂತಳು.

ನಾನು ಕಾಗದ ಓದಿದೆ. ಎಲೆ ಕೆಟ್ಟಿಲ್ಲ. ಮಾಲೀಕರ ತಪ್ಪಿಲ್ಲ, ಬಾಡಿಗೆದಾರರ ತಪ್ಪೂ ಇಲ್ಲ. ಶಮಾ ನದಾಫ ಅವರ ಔಷಧಿಗಾಗಿ ಮಾಲೀಕರು ಮಾಳಿಗೆಯ ಮೇಲೆ ಆ ನಕ್ಷತ್ರಕ್ಕೆ ಮುಖ ಮಾಡದಂತೆ ಓರೆಯಾಗಿ ಇನ್ನೊಂದು ಎಲೆಯನ್ನೂ ಅದಕ್ಕೊಂದು ಪೆಟ್ಟಿಗೆಯನ್ನೂ ಹಾಕಿಸಿ ಕೊಡತಕ್ಕದ್ದು. ಹಳೆಯ ಎಲೆಯನ್ನು ಯಾರೂ ಅಲುಗಿಸತಕ್ಕದ್ದಲ್ಲ.

“ಇನ್ನೊಂದ ಮಾತ ಬರೀರಿ,” ಎಂದಳು ಚಂದ್ರಭಾಗಾ. “ಈಕಿ ಈ ಮನಿ ಬಿಡಾಂಗಿಲ್ಲಂತ ಬರೀರಿ.”

“ಬಿಡಿಸಿ ಕೊಡ್ರಿ ಅಂತ ದೂರು ಕೊಟ್ಟವರು ನೀವೇ ಅಲ್ಲೇನ್ರಿ ಅಕ್ಕಾರ?” ಎಂದೆ. ನನ್ನ ನಾಲಿಗೆಯ ಚಾಳಿ ಅಂಥ ಹೊತ್ತಿನಲ್ಲೂ ಬಿಡಲಿಲ್ಲ.

“ಹೌದು. ಈಗ ತಿಳದದ. ಇವತ್ತ ನಾವು ಈ ಪೆಟ್ಟಿಗ್ಯಾಗ ಇಡೂದು ಅವರಿಗೆ ಮುಟ್ಟಿ, ಅವರು ಮತ್ತ ತಿರುಗಿ ಕಳಸೂದ್ರಾಗ ನಾ ಮಣ್ಣಾಗಿರ್ತೀನಿ. ಅವರು ಕೊಡಾಕ ಬಂದಾಗ ಮನ್ಯಾಗ ಯಾರರೆ ಇರಬೇಕಲ್ಲ? ಬಾಗ್ಲಾ ಹಾಕಿದ ಮನಿ ಮುಂದ ಅವರು ನಿಲ್ಲಬಾರದು.”

“ಅಷ್ಟೊತ್ತಿಗೆ ನನಗೂ ಅರವತ್ತ ದಾಟಿರ್ತದರಿ ಅಕ್ಕಾರ,” ಎಂದಳು ಶಮಾ. ಅಳುತ್ತಲೇ ನಕ್ಕಳು.

“ದಾಟಲಿ. ಅದಕ್ಕs ಹೇಳಾಕತ್ತೀನಿ, ಔಷಧ ತಪ್ಪಿಸಬ್ಯಾಡ.”

ಮಗ್ರಿಬ್ ಆಜಾನ್ ಮುಗಿಯಿತು. ಪೆಟ್ಟಿಗೆ ಬೆವರತೊಡಗಿತು. ಒಂದು, ಎರಡು, ಮೂರು. ಆ ಮೂರೂ ಸಲ ಚಂದ್ರಭಾಗಾ ಪೆಟ್ಟಿಗೆಯ ಬಾಗಿಲ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಮೂವತ್ತೆರಡು ವರ್ಷಗಳ ಹಿಂದಿನ ಆ ಸಂಜೆ, ಆಕೆಯ ಗಂಡ ಓಣಿಯವರ ಮುಂದೆ ಎದೆಯುಬ್ಬಿಸಿ ನಿಂತಿದ್ದ ಆ ಸಂಜೆಯ ಬಿಸಿ, ಆಕೆಯ ಅಂಗೈಗೆ ತಾಗುತ್ತಿತ್ತು. ಆಮೇಲೆ ನಾಲ್ಕನೆಯದು ಬಂತು, ಸಣ್ಣದು, ಅವರದು. ನಾವೆಲ್ಲರೂ ಒಬ್ಬರಾದ ಮೇಲೊಬ್ಬರು ಕೈಯಿಟ್ಟೆವು. ಉಗುರುಬೆಚ್ಚಗಿತ್ತು. ಎಲ್ಲಿಯೋ ಇರುವ, ಹೇಗಿದ್ದಾರೋ ತಿಳಿಯದ ಒಬ್ಬರ ಮನೆಯ ಬಿಸಿಯನ್ನು ನನ್ನ ಈ ತಕರಾರು ಬರೆಯುವ ಕೈ ಮುಟ್ಟಿತು. ನನಗೂ ಅಳು ಬಂತು.

ಮುಳ್ಳು ಇಳಿದು ನಿಂತಿತು. “ನಕ್ಷತ್ರ ಇನ್ನೂ ನೆತ್ತಿ ಮ್ಯಾಲೇ ಅದ,” ಎಂದು ಪ್ರಮಿಳಾ ಪಿಸುಗುಟ್ಟಿದರು. “ದಿನಾ ಹಿಂಗs. ಕೊಟ್ಟ ಮ್ಯಾಲ ಸ್ವಲ್ಪ ಹೊತ್ತು ಸುಮ್ಮನಿರ್ತಾರ. ನಮ್ಮ ಸಲವಾಗಿ ಜಾಗಾ ಬಿಟ್ಟಾರೇನೋ.”

ಚಂದ್ರಭಾಗಾ ಕುದಿಯುವ ಹುಗ್ಗಿಯ ಪಾತೇಲಿಯನ್ನು ಪೆಟ್ಟಿಗೆಯೊಳಗಿಟ್ಟಳು. ಬಾಗಿಲು ಹಾಕಲಿಲ್ಲ. ಪಕ್ಕಕ್ಕೆ ಸರಿದು ನಿಂತು, “ಬರೇ ನಂದಷ್ಟ ಬ್ಯಾಡ,” ಎಂದಳು. “ಈ ಮನ್ಯಾಗ ಈಗ ಇರಾಕಿ ನೀ. ನಿಂದೂ ಇಡು.”

ಶಮಾ ಲಗುಬಗೆಯಿಂದ ಹಾಲು ಕಾಯಿಸಿದಳು. ಶ್ಯಾವಿಗೆ, ಉತ್ತತ್ತಿ, ಗೋಡಂಬಿ, ಸಿಕ್ಕಿದ್ದನ್ನೆಲ್ಲ ಹಾಕಿ ಗಡಿಬಿಡಿಯ ಸುರಕುಂಬಾ ಮಾಡಿ, ಹಬೆಯಾಡುವ ಬಟ್ಟಲನ್ನು ಹುಗ್ಗಿಯ ಪಕ್ಕದಲ್ಲಿಟ್ಟಳು. ಒಡತಿ ಬಾಗಿಲಿನ ಹಿಡಿಕೆಯನ್ನು ಆಕೆಯ ಕೈಗೆ ಕೊಟ್ಟಳು. ಶಮಾ ಬಾಗಿಲು ಹಾಕಿದಳು. ನಾವು ನಾಲ್ವರೂ ಮಾಳಿಗೆಗೆ ಹತ್ತಿ ತಲೆಯೆತ್ತಿ ನೋಡಿದೆವು. ಕಾಣುವಂಥದ್ದು ಏನೂ ಇರಲಿಲ್ಲ. ಅಷ್ಟರಲ್ಲಿ ಅವರಿಬ್ಬರ ಬಿಸಿ ಚಂದ್ರನನ್ನು ದಾಟಿ ಬಹಳ ದೂರ ಹೋಗಿತ್ತು.